ನಾನು ಕತ್ತರಿಸಿದ ಹಾಳೆ

ಹೊಳೆಯೆಣಿಕೆಯ ೩೧೨ನೇ ವರ್ಷ, ಘಟಪ್ರಭೆಯ ದಂಡೆ

ನಮಗಿಂತ ಮುಂಚೆ ಬದುಕುತ್ತಿರುವ ಹಿರಿಯರಿಗೆ,

ನನ್ನ ಅಕ್ಷರ ಸೊಟ್ಟಗಿದೆ, ತಪ್ಪುಗಳೂ ಇರಬಹುದು, ಕ್ಷಮಿಸಿ. ಓದಿದ್ದು ನಾಲ್ಕನೇ ತರಗತಿ. ಮೇಲಿನ ತಾರೀಖು ನಿಮ್ಮ ಪಂಚಾಂಗದಲ್ಲಿ ಸಿಗುವುದಿಲ್ಲ. ಹೊಳೆ ಹೊಸ ದಾರಿ ಹಿಡಿದ ವರ್ಷದಿಂದ ನಾವು ಎಣಿಸುತ್ತೇವೆ.

ನಮ್ಮಲ್ಲಿ ಹತ್ತು ವರ್ಷ ತುಂಬಿದವರಿಗೆ ಒಂದೇ ಕಸುಬು ಕೊಡುತ್ತಾರೆ. ಅದಕ್ಕೆ ‘ಒಂದುಗೈ’ ಎನ್ನುತ್ತೇವೆ. ಎರಡನೆಯದಕ್ಕೆ ಕೈ ಹಾಕಿದವರನ್ನು ಅತಿಯಾಸೆಯವರೆಂದು ನಗುತ್ತಾರೆ. ನನಗೆ ಸಿಕ್ಕಿದ್ದು ಕತ್ತರಿ. ಹಳೆಯ ಕಾಗದ ಬಂದರೆ ಯಂತ್ರದ ಚಿತ್ರವನ್ನು ಬಡಗಿಮನೆಗೆ, ದೇಹದ್ದನ್ನು ವೈದ್ಯಮನೆಗೆ ಕತ್ತರಿಸಿ ಕಳಿಸುತ್ತೇನೆ. ಇಡೀ ಹಾಳೆಯನ್ನು ಒಂದೇ ಮನೆಗೆ ಕೊಡುವ ರೂಢಿಯಿಲ್ಲ.

ಈ ವರ್ಷ ಬಾಲ್ದೋ ಎಂಬ ಇಟಲಿಯವನ ಹಾಳೆಯೊಂದು ಬಂತು. ಅವನು ನಿಮಗೂ ಐದುನೂರು ವರ್ಷ ಹಿಂದಿನವನು. ಚಿತ್ರ ಬರೆದ, ಹೆಣ ಸೀಳಿ ನರ ಎಣಿಸಿದ, ಕೋಟೆ ಕಟ್ಟಿದ, ತಂತಿವಾದ್ಯ ಮಾಡಿದ. ಒಂದೇ ಹೆಸರಿನ ನಾಲ್ಕು ಜನ ಇದ್ದಿರಬೇಕೆಂದು ನಮ್ಮ ಹಿರಿಯರು ಈಗಲೂ ವಾದಿಸುತ್ತಾರೆ. ಹಾಳೆಯ ಎಡಕ್ಕೆ ನೀರೆತ್ತುವ ಚಕ್ರ, ಬಲಕ್ಕೆ ಚರ್ಮ ಸುಲಿದ ಮಣಿಕಟ್ಟು, ಎರಡನ್ನೂ ಕೂಡಿಸುವ ಸಣ್ಣದೊಂದು ಗೆರೆ. ಆ ಗೆರೆಗೆ ಅಡ್ಡಲಾಗಿ ಕತ್ತರಿ ಹಾಕಿದೆ.

ಬಡಗಿಮನೆಯ ನಿಂಬೆವ್ವತ್ತೆ ಚಕ್ರ ಮಾಡಿದಳು. ಅದು ಅರ್ಧ ತಿರುಗಿ ಸಿಕ್ಕಿಕೊಂಡಿತು, ಮೇಲಿನ ಓಣಿಗೆ ನೀರು ಏರಲಿಲ್ಲ. “ಮುದುಕಿ ಕೈ ಕೆಟ್ಟೈತಿ” ಎಂದು ಹಿರಿಯರು ಅವಳ ಉಳಿಗಳನ್ನು ಕಿತ್ತುಕೊಂಡರು. ಉಳಿ ಹೋದವಳಿಗೆ ನಮ್ಮಲ್ಲಿ ಬೇರೆ ಕೆಲಸವಿಲ್ಲ. ಸಾಯುವವರೆಗೆ ಕಟ್ಟೆಯ ಮೇಲೆ ಕೂರಬೇಕು. ಅದೇ ದಿನ ವೈದ್ಯಮನೆಯ ಗೋಡೆಗೆ ಅಂಟಿಸಿದ್ದ ಆ ಮಣಿಕಟ್ಟಿನ ಚಿತ್ರ ಕಂಡೆ. ಅಂಚಿನಲ್ಲಿ ನಾನು ಕೊಯ್ದ ಗೆರೆಯ ತುದಿ. ಚಕ್ರದ ಕೀಲು ಹೇಗೆ ಹೊರಳಬೇಕೆಂದು ಬಾಲ್ದೋ ಆ ಕೈಯಲ್ಲಿ ತೋರಿಸಿದ್ದ. ಗೊತ್ತಾಗಿಯೂ ಹನ್ನೆರಡು ದಿನ ಸುಮ್ಮನಿದ್ದೆ. ನನ್ನ ಕತ್ತರಿ ಹೋದೀತೆಂಬ ಹೆದರಿಕೆ. ಇದನ್ನು ಬರೆಯುವಾಗಲೂ ತಲೆ ಎತ್ತಲಾಗುತ್ತಿಲ್ಲ.

ನಿಮ್ಮ ಮನೆಯ ಮಗು ಒಂದನ್ನು ಬಿಟ್ಟು ಇನ್ನೊಂದಕ್ಕೆ ಕೈ ಹಾಕಿದರೆ ದಯವಿಟ್ಟು ಬಯ್ಯಬೇಡಿ. ಆ ಬೈಗುಳವೇ ಬೆಳೆದು ನಮಗೆ ಕಾಯಿದೆಯಾಗಿದೆ.

ಇಂದು ಬೆಳಿಗ್ಗೆ ಹಿರಿಯರ ಮುಂದೆ ಎಲ್ಲ ಹೇಳಿ ಕತ್ತರಿ ಕೆಳಗಿಟ್ಟೆ. ಉಳಿಗಳನ್ನೂ ಹಾಳೆಯ ಎರಡು ತುಂಡುಗಳನ್ನೂ ಬೇಡಿ ಪಡೆದು ಅತ್ತೆಯ ಮನೆಗೆ ಒಯ್ದೆ.

“ಹನ್ನೆರಡ ದಿನ ಕೂಳು ಹೆಂಗ ಇಳೀತ ನಿನಗ, ತಂಗೆವ್ವಾ?” ಎಂದಳು.

ಆಕೆ ತುಂಡುಗಳನ್ನು ನೆಲದ ಮೇಲೆ ಜೋಡಿಸಿ ಚಕ್ರದಿಂದ ಮಣಿಕಟ್ಟಿನವರೆಗೆ ಗೆರೆಯ ಮೇಲೆ ಬೆರಳಾಡಿಸಿದಳು.

“ಕೈ ಕೊಡ ಇಲ್ಲಿ.”

ಚಕ್ರದ ಕೀಲನ್ನು ನೋಡುತ್ತ ನನ್ನ ಮಣಿಕಟ್ಟು ಹಿಡಿದು ಅತ್ತ ಇತ್ತ ಹೊರಳಿಸಿದಳು, ನೋವಾಗುವಷ್ಟು. ನಾನು ಬಿಡಿಸಿಕೊಳ್ಳಲಿಲ್ಲ.