ಹಾಕಿಕೊಳ್ಳಿ ಎಂದವನು ನಾನೇ

14 ಅಕ್ಟೋಬರ್ 2025, ಮಂಗಳವಾರ

ಡೇರಿಯ ಪ್ರಿಂಟರ್ ಈಗ ಚೀಟಿ ಕೊಡುತ್ತಿದೆ. ಆದರೂ ಸಮಾಧಾನವಿಲ್ಲ.

ಶನಿವಾರ ಅದು ಕೆಟ್ಟು ನಿಂತಾಗ, ಸುತ್ತಲ ಡೇರಿಗಳ ಕಾರ್ಯದರ್ಶಿಗಳ ವಾಟ್ಸಾಪ್ ಗುಂಪಿನಲ್ಲಿ ಬಂದಿದ್ದ, ಪ್ರಿಂಟರ್ ಸರಿಮಾಡುತ್ತದೆ ಎಂದಿದ್ದ ಫೈಲನ್ನು ನಮ್ಮ ಲಿನಕ್ಸ್ ಕಂಪ್ಯೂಟರಿಗೆ ಹಾಕಿದೆ. ಇದು ಹೊರಗಿನವರ ಸಾಫ್ಟ್‌ವೇರ್, ನಂಬಿಕೆಯಿದ್ದರೆ ಮಾತ್ರ ಮುಂದುವರಿಯಿರಿ ಎಂದು ಪರದೆ ಎಚ್ಚರಿಸಿತ್ತು. ಹಾಲು ತಂದವರ ಸಾಲು ರಸ್ತೆಯವರೆಗೆ ನಿಂತಿತ್ತು. ಪಾಸ್‌ವರ್ಡ್ ಕೊಟ್ಟೆ. 'ಚೆನ್ನಾಗಿದೆ, ಹಾಕಿಕೊಳ್ಳಿ' ಎಂದು ಗುಂಪಿಗೂ ಬರೆದೆ.

ಇಂದು ಮಧ್ಯಾಹ್ನ ಯಾರೂ ಮುಟ್ಟದಿದ್ದರೂ ಇಂಟರ್ನೆಟ್ ಡಬ್ಬಿಯ ದೀಪ ಮಿನುಗುತ್ತಿತ್ತು; ಕಂಪ್ಯೂಟರ್ ಏನನ್ನೋ ಹೊರಗೆ ಕಳಿಸುತ್ತಲೇ ಇತ್ತು. ಆ ಕಂಪ್ಯೂಟರಿನಲ್ಲಿ ನಮ್ಮ 214 ಸದಸ್ಯರ ಆಧಾರ್, ಬ್ಯಾಂಕ್ ಖಾತೆ ಸಂಖ್ಯೆಗಳಿವೆ. ಗುಂಪಿಗೆ ಫೈಲು ಹಾಕಿದ್ದ ಹೊಸ ಅಗ್ರಹಾರ ಡೇರಿಯ ಕಾರ್ಯದರ್ಶಿ ಚೇತನ್‌ಕುಮಾರನಿಗೆ ಫೋನ್ ಮಾಡಿದೆ.

"ನಂಗೆ ಪಿರಿಯಾಪಟ್ಟಣದೋರು ಕಳ್ಸಿದ್ರು ಕಣಣ್ಣ."

"ಅವ್ರಿಗ್ಯಾರು ಕೊಟ್ರಂತೆ?"

"ಗೊತ್ತಿಲ್ವಂತೆ. ನೀವೇ ಚೆನ್ನಾಗದೆ ಅಂದ್ರಲ್ಲ, ಅದ್ಕೇ ಒಂಬತ್ತು ಡೇರೀಲಿ ಹಾಕವ್ರೆ."

ಇಂಟರ್ನೆಟ್ ವೈರು ಕಿತ್ತೆ. ಆ ಸಾಫ್ಟ್‌ವೇರ್ ತೆಗೆಯಲು ಹೋದರೆ ನನ್ನ ಪಾಸ್‌ವರ್ಡೇ ತಪ್ಪು ಎಂದಿತು. ಮೂರು ಸಲ, ನಿಧಾನವಾಗಿ, ಅಕ್ಷರ ನೋಡಿ ನೋಡಿ ಒತ್ತಿದೆ. ತಪ್ಪು ನನ್ನ ಬೆರಳಿನದಲ್ಲ. ಅದನ್ನು ಬೇರೆ ಯಾರೋ ಬದಲಿಸಿದ್ದಾರೆ.

'ಕಂಪ್ಯೂಟರ್ ಆನ್ ಮಾಡಬೇಡಿ' ಎಂದು ಗುಂಪಿಗೆ ಬರೆದು ಎರಡು ಗಂಟೆಯಾಯಿತು. ಒಂಬತ್ತರಲ್ಲಿ ಇಬ್ಬರು ಮಾತ್ರ ನೋಡಿದ್ದಾರೆ. ಉಳಿದ ಏಳು ಮಂದಿಗೆ ಎಷ್ಟು ಸಲ ಫೋನ್ ಮಾಡಿದರೂ ಎತ್ತುತ್ತಿಲ್ಲ. ಆರಕ್ಕೆ ಹಾಲು ಬರುತ್ತದೆ, ಅವರೆಲ್ಲ ಕಂಪ್ಯೂಟರ್ ಆನ್ ಮಾಡುತ್ತಾರೆ. ಅಷ್ಟರೊಳಗೆ ಎಷ್ಟು ಡೇರಿಗೆ ಆಗುತ್ತದೋ ಅಷ್ಟಕ್ಕೆ ನಾನೇ ಹೋಗಿ ವೈರು ಕೀಳಬೇಕು.