ಅವ್ವನ ಶಾಬಾಸ್

ಇಳಕಲ್
೧೪-೭-೨೦೦೮

ಪ್ರೀತಿಯ ಸುಮಕ್ಕಾ,

ನೀನು, ಮಾಮಾ, ಮಕ್ಕಳು ಆರಾಮಿದ್ದೀರೆಂದು ತಿಳಿದಿದ್ದೇನೆ. ನಿನ್ನ ಮೊಣಕಾಲು ನೋವು ಹೇಗಿದೆ? ಸೊಲ್ಲಾಪುರದ ಆ ಮೂರು ಮಹಡಿ ದಿನಕ್ಕೆ ಹತ್ತು ಸಲ ಹತ್ತಿ ಇಳಿಯಬೇಡ ಎಂದರೆ ನೀನು ಕೇಳುವವಳಲ್ಲ. ಎಳ್ಳೆಣ್ಣೆ ಬಿಸಿ ಮಾಡಿ ಹಚ್ಚಿಕೋ.

ಇನ್ನು ಅವ್ವನ ಸುದ್ದಿ. ಫೆಬ್ರುವರಿಯಲ್ಲಿ ಅವಳು ಬಿದ್ದಾಗ ನೀನು ಬಾಗಲಕೋಟೆ ದವಾಖಾನೆಯಲ್ಲಿ ಎರಡು ದಿನ ಇದ್ದು ಹೋದೆ. ಆ ಎರಡು ದಿನಕ್ಕೇ ಓಣಿಯವರು ಇನ್ನೂ 'ಹಿರೇಮಗಳು ಹೆಂಗ ಓಡಿ ಬಂದ್ಲು ನೋಡು' ಎಂದು ಹೊಗಳುತ್ತಿದ್ದಾರೆ. ಐದು ತಿಂಗಳಿಂದ ಅವಳ ತಲೆ ಬಾಚಿ, ಬಾಯಿ ಒರೆಸುತ್ತಿರುವ ನಾನು ಯಾರ ಕಣ್ಣಿಗೂ ಬಿದ್ದಿಲ್ಲ. ಇರಲಿ. ಈಗ ಗೋಡೆ ಹಿಡಿದು ನಡೆಯುತ್ತಾಳೆ. ಲಾಳಿ ಹಿಡಿಯಲು ಹೋದರೆ ಮಾತ್ರ ಕೈ ಅತ್ತಿತ್ತ ಹಾರುತ್ತದೆ. ಆದರೂ ದಿನಾ ಮಗ್ಗದ ಪಕ್ಕ ಬಂದು ಕೂತು ನನ್ನ ಕೈ ನೋಡುತ್ತಾಳೆ.

ಆ ನೋಟ ನಿನಗೆ ಗೊತ್ತಲ್ಲ. ಲಾಳಿ ಒಗೆಯುವ ಕೈ ನೋಡಿಯೇ 'ತಡಿ, ಎಳಿ ಕಡೀತದ' ಅನ್ನುತ್ತಿದ್ದಳು, ಕಡಿದೇ ಬಿಡುತ್ತಿತ್ತು. ಸೀರೆಯ ಒಡಲಿನ ಎಳೆಗೆ ಸೆರಗಿನ ಎಳೆ ಸಿಕ್ಕಿಸಿ ಕೊಂಡಿ ಹಾಕುವಾಗಂತೂ ಅವಳೆದುರು ನನ್ನ ಬೆರಳು ಬೆವರುತ್ತಿದ್ದವು. 'ಸುಮಾನ ಕೈ ನೋಡಿ ಕಲಿ. ಆಕಿ ಕೈಯಾಗ ಎಳಿ ತಾನ ಬಂದು ಕುಂದರ್ತದ.' ಇಪ್ಪತ್ತು ವರ್ಷದಿಂದ ಅನ್ನದ ಜೊತೆ ಈ ಮಾತನ್ನೂ ಉಂಡಿದ್ದೇನೆ. ನೀನು ಮದುವೆಯಾಗಿ ಮಗ್ಗ ಬಿಟ್ಟು ಹದಿನಾಲ್ಕು ವರ್ಷವಾದರೂ ಈ ಮನೆಯಲ್ಲಿ ನಿನ್ನ ಕೈಯದೇ ಮಾತು. ಹೊಟ್ಟೆಕಿಚ್ಚು ಅನ್ನುತ್ತೀಯೇನೋ. ಹೌದು, ಹೊಟ್ಟೆಕಿಚ್ಚೇ.

ದವಾಖಾನೆಯಿಂದ ಬಂದ ಮೇಲೆ ಒಂದು ದಿನ ಕೊಂಡಿ ಹಾಕುತ್ತಿದ್ದೆ. ಅವ್ವ 'ಶಾಬಾಸ್' ಅಂದಳು. ಮರುದಿನವೂ ಅಂದಳು. ಹಿಗ್ಗಿ ಹೀರೇಕಾಯಿಯಾದೆ. ನಿನ್ನ ಹೊಟ್ಟೆಯೂ ಸ್ವಲ್ಪ ಉರಿಯಲಿ ಎಂದು ಅವತ್ತೇ ಕಾಗದ ಬರೆಯಲು ಕೂತಿದ್ದೆ.

ಹೋದ ವಾರ ಅವ್ವನನ್ನು ಬಾಗಲಕೋಟೆಗೆ ಡಾಕ್ಟರ್ ಸತ್ಯಬೋಧರ ಹತ್ತಿರ ಕರೆದೊಯ್ದಾಗ ಇದನ್ನು ಹೆಮ್ಮೆಯಿಂದ ಹೇಳಿದೆ. ಅವರು ನಗಲಿಲ್ಲ. ಎರಡು ಕೊಡ ತರಿಸಿ, ಒಂದಕ್ಕೆ ನೀರು ತುಂಬಿಸಿ, ಎರಡರ ಬಾಯಿಗೂ ಬಟ್ಟೆ ಕಟ್ಟಿ, ಆಯಾಳಿಂದ ಒಂದೊಂದಾಗಿ ಎತ್ತಿಸಿದರು. ಎತ್ತುವುದನ್ನು ನೋಡಿಯೇ ಯಾವುದು ತುಂಬಿದ್ದು ಎಂದು ಅವ್ವ ಹೇಳಬೇಕು. ಎರಡನೆಯದನ್ನು ಎತ್ತುವಾಗ ಆಯಾಳ ಸೊಂಟ ಜಗ್ಗಿದ್ದು ನನಗೇ ಕಂಡಿತು. ಅವ್ವ ಎರಡೂ ಸಲ 'ಖಾಲಿ' ಅಂದಳು. 'ಕಣ್ಣು ಸರಿ ಅದಾವ್ರೀ' ಅಂದರು ಡಾಕ್ಟರು. 'ಪೆಟ್ಟು ಬಿದ್ದದ್ದು ತಲಿ ಹಿಂದಿನ ಸಣ್ಣ ಮೆದುಳಿಗೆ. ನಮ್ಮ ಕೈಕಾಲು ಹದಕ್ಕ ಇಡೋದಷ್ಟ ಅದರ ಕೆಲಸ ಅಂತ ತಿಳಿದಿದ್ವಿ. ಮಂದಿ ಕೈ ಏನ್ ಮಾಡ್ಲಿಕತ್ತದ ಅನ್ನೋದು ತಿಳೀಲಿಕ್ಕೂ ಅದು ಬೇಕು ಅಂತ ಈಗೀಗ ಕೆಲವರು ಹೇಳ್ಲಿಕತ್ತಾರ.' ಬಸ್ಸು ಹುನಗುಂದ ದಾಟುವವರೆಗೂ ನಾನು ಅವ್ವನ ಮುಖ ನೋಡಲಿಲ್ಲ. ನಿನಗೆ ಅವಳು ಕೊಟ್ಟಿದ್ದು ತಿಳಿದು ಕೊಟ್ಟ ಶಾಬಾಸ್. ನನ್ನ ಪಾಲಿಗೆ ಕೈಯ ತಪ್ಪು-ಸರಿ ತಿಳಿಯದ ಜಡ್ಡಿನದು ಬಂತು.

ಮಾಮಾನಿಗೆ ನಮಸ್ಕಾರ, ಮಕ್ಕಳಿಗೆ ಮುದ್ದು. ಬನಶಂಕರಿ ತಾಯಿ ನಿಮ್ಮನ್ನು ತಣ್ಣಗಿಟ್ಟಿರಲಿ, ಬಿಡುವಾದಾಗ ನಮ್ಮ ಕಡೆಗೂ ನೋಡಲಿ.

ನಿನ್ನ ತಂಗಿ
ಶ್ರುತಿ

ತಾ.ಕ.: ಅಂಚೆಯವನು ಡಬ್ಬಿ ತೆಗೆಯುವ ಹೊತ್ತಾಯಿತು. ಹೇಳಬಾರದೆಂದಿದ್ದೆ, ಹೇಳಿಬಿಡುತ್ತೇನೆ. ನಿನ್ನೆ ಡಾಕ್ಟರ ಮಾತು ಸುಳ್ಳಾಗಲಿ ಎಂದು ಅವ್ವನ ಕಣ್ಣೆದುರೇ ಬೇಕಂತ ನಾಲ್ಕು ಕೊಂಡಿ ತಪ್ಪು ಹಾಕಿದೆ. ಅವಳು ನನ್ನ ಕೈ ಹಿಡಿದು 'ಸುಮಾನ್ನ ಮೀರಿಸಿದಿ ಬಿಡು' ಅಂದಳು. ಇದೊಂದು ಮಾತಿಗೆ ಎಷ್ಟು ಕಾದಿದ್ದೆ ಅಕ್ಕಾ! ನಾಲ್ಕನ್ನೂ ಬಿಚ್ಚಿ ಮತ್ತೆ ಹಾಕಿದ್ದೇನೆ. ನನ್ನ ಕೈ ಸರಿ ಇದೆಯೋ ಇಲ್ಲವೋ ಹೇಳುವವರು ಈಗ ಮನೆಯಲ್ಲಿಲ್ಲ. ಅವ್ವನ ಆ ನೋಟ ಉಳಿದಿರುವುದು ನಿನ್ನೊಬ್ಬಳಲ್ಲೇ. ಬಂದು ನನ್ನ ಪಕ್ಕ ಕೂತು ನೋಡು. ತಪ್ಪಿದ್ದರೆ ಬೈ.