ಹೊಂದಿದ್ದ ಮಜ್ಜೆ

ಪುಟ್ಟಿ,

ನನ್ನ ಅಸ್ಥಿಮಜ್ಜೆ ನಿನಗೆ ಹೊಂದಲಿಲ್ಲ ಎಂಬ ಕತೆಯನ್ನು ಹೊರಗಿನವರಿಗೆ ಮೊದಲು ಹೇಳಿದವಳು ಅಮ್ಮ, ನೀನು ತೀರಿಕೊಂಡ ಮರುವಾರ. ನಿನ್ನೆ ಹೊಲಿಗೆ ಅಂಗಡಿಯಲ್ಲಿ, ನನ್ನೆದುರೇ, ತನ್ನ ಜೊತೆ ಕೆಲಸದ ನಾಲ್ವರು ಹೆಂಗಸರಿಗೆ ಮತ್ತೆ ಹೇಳಿದಳು. ಸಿಕಲ್ ಸೆಲ್ ಎಂಬ ಆ ರಕ್ತದ ಕಾಯಿಲೆಯ ನೋವು ಬಂದಾಗ ನೀನು ಮಂಚದ ಸರಳು ಕಚ್ಚಿ ಹಿಡಿಯುತ್ತಿದ್ದುದನ್ನು ಕೇಳಿ ನಾಲ್ವರೂ ಮಿಷನ್ ನಿಲ್ಲಿಸಿದರು.

"ಇವನು ಕೊಡೋಕೆ ತುದಿಗಾಲಲ್ಲಿ ನಿಂತಿದ್ದ ಕಣ್ರೇ. ಹೊಂದಲಿಲ್ಲ, ಏನ್ಮಾಡೋದು?" ಎಂದಳು ಅಮ್ಮ.

"ಅಣ್ಣ ಅಂದ್ರೆ ಹೀಗಿರ್ಬೇಕು. ನಮ್ಮನೇಲೂ ಒಬ್ಬ ಇದಾನೆ, ನೆಗಡಿ ಬಿಟ್ರೆ ನಂಗೇನೂ ಕೊಟ್ಟಿಲ್ಲ," ಎಂದಳು ಒಬ್ಬಳು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಹೊಂದಿತ್ತು, ಪುಟ್ಟಿ. ಪೂರ್ತಿ ಹೊಂದಿತ್ತು. ಡಾಕ್ಟರು ನನ್ನೊಬ್ಬನನ್ನೇ ಒಳಗೆ ಕರೆದು, ಸೊಂಟದ ಮೂಳೆಗೆ ಸೂಜಿ ಹಾಕಿ ಮಜ್ಜೆ ತೆಗೆಯುವ ಬಗೆ ವಿವರಿಸಿದರು. "ಮನಸ್ಸಿಲ್ಲದಿದ್ರೆ ಹೇಳಿ. ದಾನಿ ಸೂಕ್ತ ಅಲ್ಲ ಅಂತಷ್ಟೇ ಮನೆಯವರಿಗೆ ಹೇಳ್ತೀವಿ," ಎಂದರು. ಸೂಜಿಯ ಹೆದರಿಕೆಗೆ, ಹಾಗೇ ಹೇಳಿಬಿಡಿ ಎಂದೆ. ಆಚೆ ಬಂದರೆ ನೀನೇ ನನ್ನನ್ನು ಸಮಾಧಾನ ಮಾಡಿದೆ: "ಬಿಡೋ ಅಣ್ಣಾ, ನಿನ್ನ ಸೋಮಾರಿತನ ನನ್ನ ಮೈಗೆ ಬಂದಿದ್ರೆ ಏನು ಗತಿ!"

ಇವತ್ತು ಬೆಳಿಗ್ಗೆ ಆ ನಾಲ್ವರೂ, ಗುರುತು ಪರಿಚಯವಿಲ್ಲದ ರೋಗಿಗಳಿಗೆ ಮಜ್ಜೆ ಕೊಡಲು ಹೆಸರು ಬರೆಸುತ್ತೇವೆಂದು ಆಸ್ಪತ್ರೆಗೆ ಹೊರಟರು. ದಾರಿ ತೋರಿಸಲು ನನ್ನನ್ನೂ ಕರೆದರು. ಒಬ್ಬೊಬ್ಬಳೂ ಒಳಗೆ ಹೋಗುವಾಗ, "ನಿಮ್ಮ ತಂಗಿ ಹೆಸರಲ್ಲಿ, ಅಣ್ಣಾ," ಎಂದು ತನ್ನ ಚೀಲವನ್ನು ನನ್ನ ಕೈಗೆ ಕೊಟ್ಟು ಹೋದಳು.